ಉಗುರಿಗೆ ಹತ್ತಿದ ಕಪ್ಪು

ಮೂತ್ರ ಕೆಂಪಗೆ ಹೋಯ್ತು ಅಂತ ಹೆದರಿ ಡಾಕ್ಟರ ಹತ್ತಿರ ಓಡಿದ್ದೆ. ಅವರು ಮೊದಲು ಕೇಳಿದ್ದು ಬೀಡಿ ಸೇದ್ತೀರಾ ಅಂತ. ಆಮೇಲೆ, ಏನು ಕೆಲಸ ಅಂತ. ಕಟಿಂಗ್ ಶಾಪ್ ಅಂದೆ. ಕೈ ಎಳೆದುಕೊಂಡು ಉಗುರು ನೋಡಿದರು. ಇಪ್ಪತ್ತು ವರ್ಷದಿಂದ ಡೈ ಹಚ್ಚಿ ಹಚ್ಚಿ ಉಗುರಿನ ಸಂದಿ ಕಪ್ಪಗೇ ಇತ್ತು. ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿದ್ದು ಬರೀ ಕಿಡ್ನಿ ಕಲ್ಲು. ಆದರೂ ನನ್ನ ಉಗುರು ಯಾಕೆ ನೋಡಿದರು ಅನ್ನೋದು ತಲೆಯಲ್ಲೇ ಉಳಿಯಿತು.

ಬಣ್ಣಕ್ಕೂ ಮೂತ್ರಕೋಶದ ಕ್ಯಾನ್ಸರ್‌ಗೂ ಹಳೇ ನಂಟಂತೆ. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆಹ್ನ್ ಅನ್ನೋ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆ ಕಂಡಿದ್ದರು. ಆ ಬಣ್ಣಗಳಲ್ಲಿದ್ದ ಆರೊಮ್ಯಾಟಿಕ್ ಅಮೀನ್ ಅನ್ನೋ ರಾಸಾಯನಿಕಗಳಲ್ಲಿ ಕೆಲವು ಕ್ಯಾನ್ಸರ್ ತರುತ್ತವೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಡೈ ಡಬ್ಬಿಯ ಮೇಲೆ ಹೆಸರಿರೋ ಪಿಪಿಡಿ, ಅಂದರೆ ಕೂದಲಿಗೆ ಬಣ್ಣ ಕೊಡೋ ರಾಸಾಯನಿಕ, ಅದೂ ಅದೇ ಕುಟುಂಬದ್ದು. ಹಾಗಂತ ಅದೇ ಕ್ಯಾನ್ಸರ್ ತರುತ್ತೆ ಅಂತ ಸಾಬೀತಾಗಿಲ್ಲ. ತೀರಾ ಕೆಟ್ಟವು ಅನಿಸಿದ ಕೆಲವು ರಾಸಾಯನಿಕಗಳನ್ನು ಡೈ ಕಂಪನಿಗಳು 1970ರ ದಶಕದಲ್ಲೇ ಕೈಬಿಟ್ಟವು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2008ರಲ್ಲಿ ಇದನ್ನು ತೂಗಿ ನೋಡಿತು. ಕ್ಷೌರಿಕರ ಕೆಲಸವನ್ನು 2ಎ ಗುಂಪಿಗೆ ಹಾಕಿತು, ಅಂದರೆ ಕ್ಯಾನ್ಸರ್ ತರುವ ಸಂಭವ ಇದೆ ಅಂತ. ತಮ್ಮ ತಲೆಗೆ ಹಚ್ಚಿಕೊಳ್ಳುವವರ ಬಗ್ಗೆ ಏನೂ ತೀರ್ಮಾನಿಸೋಕೆ ಪುರಾವೆ ಸಾಲದು ಅಂದಿತು. ನನಗಿದು ಸರಿ ಅನಿಸಿತು. ಗಿರಾಕಿ ತಿಂಗಳಿಗೊಮ್ಮೆ ಬರ್ತಾರೆ. ನನಗೆ ಭಾನುವಾರ ಒಂದೇ ದಿನ ಹತ್ತು ತಲೆ!

ಮೊದಲು ಗ್ಲೌಸ್ ತಂದೆ. ಉಳಿತಾಯ ಅಂತ ಒಂದೇ ಜೊತೆಯನ್ನು ತೊಳೆದು ಒಣಗಿಸಿ ವಾರವೆಲ್ಲ ಹಾಕುತ್ತಿದ್ದೆ. ಅದು ದಡ್ಡತನ. ತೆಗೆಯುವಾಗ ಒಳಭಾಗಕ್ಕೆ ಡೈ ಹತ್ತಿರುತ್ತೆ, ಮತ್ತೆ ಹಾಕಿದರೆ ಬೆವರಿನ ಜೊತೆ ಅದೇ ಚರ್ಮಕ್ಕೆ. ಈಗ ನೈಟ್ರೈಲ್ ಅನ್ನೋ ತೆಳು ರಬ್ಬರಿನ ಗ್ಲೌಸ್, ಒಬ್ಬ ಗಿರಾಕಿಗೆ ಒಂದು ಜೊತೆ. ಡೈ ಹಚ್ಚುವಾಗ ಹಾಕೋದು ಎಲ್ಲರಿಗೂ ನೆನಪಿರುತ್ತೆ. ನಾನು ಎಡವುತ್ತಿದ್ದದ್ದು ತಲೆ ತೊಳೆಯುವಾಗ. ನೀರು ಬಿಟ್ಟ ಮೇಲೆ ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ಉಜ್ಜುತ್ತಿದ್ದೆ. ಡೈ ಜಾಸ್ತಿ ಕೈಗೆ ಬರೋದು ಆಗಲೇ, ಅಲ್ವಾ?

ಇನ್ನೊಂದು, ಈಗ ಕಟಿಂಗ್ ಮೊದಲು, ಡೈ ಆಮೇಲೆ. ಹೊಸದಾಗಿ ಡೈ ಹಚ್ಚಿದ ಕೂದಲಿನ ಚೂರು ಕೈಗೂ ಮೂಗಿಗೂ ಬರೋದು ತಪ್ಪಿತು. ಪುಡಿ ಡೈಯನ್ನು ಫ್ಯಾನ್ ಕೆಳಗೆ ಕಲಸೋದಿಲ್ಲ.

ಗಿರಾಕಿಗಳು ಸುಮ್ನೆ ಇರ್ತಾರಾ? ‘ಏನಪ್ಪಾ, ನನಗೇನು ರೋಗ ಇದೆಯಾ, ಕೈಗೆ ಚೀಲ ಹಾಕ್ಕೊಂಡೆ?’ ಅಂದರು ನಮ್ಮ ಹಳೇ ಮೇಷ್ಟ್ರು. ‘ನಿಮಗಲ್ಲ ಸಾರ್, ನನಗೆ ಬರಬಾರದು ಅಂತ’ ಅಂದೆ. ನಕ್ಕರು. ಮುಂದಿನ ಸಲ ತಾವೇ ‘ಚೀಲ ಎಲ್ಲಿ?’ ಅಂತ ಕೇಳಿದರು.

ಇಷ್ಟೆಲ್ಲ ಮಾಡಿ ಹೆಮ್ಮೆಯಿಂದ ಡಾಕ್ಟರಿಗೆ ಹೇಳಿದೆ. ಅವರು ನನ್ನ ಜೇಬಿನಲ್ಲಿದ್ದ ಬೀಡಿ ಕಟ್ಟಿನ ಕಡೆ ಬೆರಳು ತೋರಿಸಿದರು. ಮೂತ್ರಕೋಶದ ಕ್ಯಾನ್ಸರ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹೊಗೆಸೊಪ್ಪಂತೆ, ಡೈ ಎಲ್ಲ ಅದರ ಹಿಂದೆ. ಗ್ಲೌಸ್‌ಗೆ ಕೈ ಒಂದು ವಾರದಲ್ಲಿ ಒಗ್ಗಿತ್ತು. ಬೀಡಿ ಬಿಟ್ಟು ಈಗ ಏಳು ತಿಂಗಳು, ಮಂಗಳವಾರ ರಜೆ ಬಂದರೆ ಇನ್ನೂ ಜೇಬು ತಡಕುತ್ತೇನೆ.