ಸುರುಳಿ ಸುತ್ತಿ, ಮುಳ್ಳು ನೋಡಿ: ವಿದ್ಯುತ್ಕಾಂತೀಯ ಪ್ರೇರಣೆ ಕೈಯಾರೆ ಕಲಿಯುವುದು ಹೇಗೆ

ಸೂತ್ರ ಬಾಯಿಪಾಠ ಮಾಡುವ ಮೊದಲು ಒಂದು ಸುರುಳಿ ಸುತ್ತಿ. ಹನ್ನೆರಡು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ಕರೆಂಟು ಹುಟ್ಟುವ ಈ ಪಾಠ ಬೋರ್ಡು ನೋಡಿದರೆ ತಲೆಗೆ ಹತ್ತುವುದು ಕಷ್ಟ, ಕೈಯಲ್ಲಿ ಮಾಡಿದರೆ ಬೇಗ ಹತ್ತುತ್ತದೆ.

ಜಾಸ್ತಿ ಸಾಮಾನೇನೂ ಬೇಡ. ಮೋಟಾರ್ ವೈಂಡಿಂಗಿಗೆ ಬಳಸುವ ತೆಳು ತಾಮ್ರದ ತಂತಿ, ಗಟ್ಟಿ ರಟ್ಟಿನ ಕೊಳವೆ, ಅದರೊಳಗೆ ಸಲೀಸಾಗಿ ಹೋಗಿಬರುವ ದಂಡಕಾಂತ, ನಡುವೆ ಸೊನ್ನೆ ಇರುವ ಗ್ಯಾಲ್ವನೋಮೀಟರ್ (ಸಣ್ಣ ಕರೆಂಟನ್ನೂ ಮುಳ್ಳಿನಿಂದ ತೋರಿಸುವ ಮೀಟರ್). ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಅಳೆಯುತ್ತದೆ. ಅಷ್ಟರಲ್ಲಿ ನಮ್ಮ ವೋಲ್ಟೇಜ್ ಬಂದು ಹೋಗಿರುತ್ತದೆ. ಹಾಗಾಗಿ ಮುಳ್ಳಿನ ಮೀಟರೇ ಇರಲಿ.

ತಂತಿಯನ್ನು ಒಂದು ಗೇಣು ಹೊರಗೆ ಬಿಟ್ಟು, ಕೊಳವೆಯ ಮೇಲೆ 200 ಸುತ್ತು ಸುತ್ತಿ. ಎಲ್ಲವೂ ಒಂದೇ ದಿಕ್ಕಿಗೆ ಇರಬೇಕು. ಮಧ್ಯೆ ದಿಕ್ಕು ತಿರುಗಿದರೆ ಒಂದು ಸುತ್ತು ಕೊಟ್ಟಿದ್ದನ್ನು ಇನ್ನೊಂದು ಸುತ್ತು ಕಳೆದುಬಿಡುತ್ತದೆ. ಕೊನೆಯಲ್ಲೂ ಒಂದು ಗೇಣು ಬಿಡಿ. ಆಮೇಲೆ ಎರಡೂ ತುದಿಗಳನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ತಂತಿಯ ಮೇಲಿನ ಎನಾಮೆಲ್ ಲೇಪ ಕರೆಂಟನ್ನು ಬಿಡುವುದಿಲ್ಲ. ಅದು ಪೂರ್ತಿ ಹೋಗಿ ತಾಮ್ರ ಹೊಳೆಯಬೇಕು. "ಮೀಟರ್ ಕೆಟ್ಟಿದೆ ಸಾರ್" ಅಂತ ಮಕ್ಕಳು ಬಂದಾಗಲೆಲ್ಲ ನಾನು ಮೊದಲು ನೋಡುವುದೇ ಈ ತುದಿಗಳನ್ನು.

ತುದಿಗಳನ್ನು ಮೀಟರಿಗೆ ಸೇರಿಸಿ. ಕಣ್ಣು ಮುಳ್ಳಿನ ಮೇಲಿರಲಿ. ದಂಡಕಾಂತವನ್ನು ಸರ್ರನೆ ಒಳಗೆ ತಳ್ಳಿ. ಮುಳ್ಳು ಒಂದು ಕಡೆ ಚಿಮ್ಮಿ ಸೊನ್ನೆಗೆ ವಾಪಸ್ ಬರುತ್ತದೆ. ದಂಡಕಾಂತ ಅಲ್ಲೇ ಇರಲಿ, ಕಾಯಿರಿ. ಏನೂ ಆಗುವುದಿಲ್ಲ. ಈಗ ಹೊರಗೆ ಎಳೆಯಿರಿ. ಮುಳ್ಳು ಈ ಸಲ ಇನ್ನೊಂದು ಕಡೆಗೆ ಹೋಗುತ್ತದೆ.

ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲು ದಂಡಕಾಂತವನ್ನು ಒಳಗಿಟ್ಟು, ಆಮೇಲೆ ತಂತಿ ಸೇರಿಸಿ, ಅರ್ಧ ಗಂಟೆ ಮುಳ್ಳನ್ನೇ ನೋಡುತ್ತಾ ಕೂತಿದ್ದೆ. ಅದು ಅಲುಗಲೇ ಇಲ್ಲ. ಬೇಸರವಾಗಿ ದಂಡಕಾಂತವನ್ನು ಕಿತ್ತಾಗ ಮುಳ್ಳು ಚಂಗನೆ ಹಾರಿತು. ಆ ಕ್ಷಣ ಇವತ್ತಿಗೂ ಕಣ್ಣಿಗೆ ಕಟ್ಟಿದೆ. 1825ರಲ್ಲಿ ಜಿನೀವಾದ ಕೊಲಾಡನ್ ಎಂಬ ವಿಜ್ಞಾನಿ, ಅಯಸ್ಕಾಂತದ ಪ್ರಭಾವ ನೇರವಾಗಿ ತಟ್ಟದಿರಲಿ ಅಂತ ಮೀಟರನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದರಂತೆ. ಇಲ್ಲಿ ಅಯಸ್ಕಾಂತವನ್ನು ಸುರುಳಿಗೆ ತೂರಿಸಿ ಅಲ್ಲಿಗೆ ನಡೆದು ಹೋಗುವಷ್ಟರಲ್ಲಿ ಮುಳ್ಳು ಸೊನ್ನೆಗೆ ಮರಳಿರುತ್ತಿತ್ತು. ಅವರು ಎಚ್ಚರ ವಹಿಸಿದ್ದರಿಂದಲೇ ಈ ಆವಿಷ್ಕಾರ ಕೈತಪ್ಪಿತು.

ಇನ್ನು ಫ್ಲಕ್ಸ್. ಒಂದು ಬಳೆಯನ್ನು ಬಿಸಿಲಿಗೆ ಎದುರಾಗಿ ಹಿಡಿದು, ಅದರ ಹಿಂದೆ ಬಿಸಿಲಿಗೆ ನೇರವಾಗಿ ಒಂದು ಕಾಗದ ಇಡಿ. ನೆರಳು ದುಂಡಗಿರುತ್ತದೆ. ಬಳೆಯನ್ನು ಮೆಲ್ಲಗೆ ವಾಲಿಸಿ. ನೆರಳು ಮೊಟ್ಟೆಯಾಕಾರಕ್ಕೆ ಬಂದು, ಕೊನೆಗೆ ಬರೀ ಗೆರೆಯಾಗುತ್ತದೆ. ಬಳೆಯೊಳಗೆ ಹಾದುಹೋಗುವ ಬೆಳಕೂ ಹಾಗೇ ಕಮ್ಮಿಯಾಗುತ್ತದೆ. ಬೆಳಕಿನ ಜಾಗದಲ್ಲಿ ಕಾಂತಕ್ಷೇತ್ರ ಇದೆ ಅಂದುಕೊಳ್ಳಿ, ಅದೇ ಫ್ಲಕ್ಸ್. ಕ್ಷೇತ್ರದ ಬಲ, ಸುತ್ತಿನ ವಿಸ್ತೀರ್ಣ, ವಾಲಿರುವ ಕೋನ, ಈ ಮೂರರ ಲೆಕ್ಕ. ಇದನ್ನು ಅಳೆಯುವುದು ವೆಬರ್‌ನಲ್ಲಿ. ಮೂರರಲ್ಲಿ ಯಾವುದು ಬದಲಾದರೂ ಫ್ಲಕ್ಸ್ ಬದಲಾಗುತ್ತದೆ. ಡೈನಮೋದಲ್ಲಿ ಬದಲಾಗುವುದು ಕೋನ.

ಒಂದು ಸುತ್ತಿನಲ್ಲಿ ಫ್ಲಕ್ಸ್ ಸೆಕೆಂಡಿಗೆ 1 ವೆಬರ್‌ನಂತೆ ಬದಲಾದರೆ 1 ವೋಲ್ಟ್ ಹುಟ್ಟುತ್ತದೆ. ನಮ್ಮ ಸುರುಳಿಯ ವಿಸ್ತೀರ್ಣ 5 ಚದರ ಸೆಂಟಿಮೀಟರ್, ಕ್ಷೇತ್ರ ಸೊನ್ನೆಯಿಂದ 0.1 ಟೆಸ್ಲಾಗೆ (ಕ್ಷೇತ್ರದ ಬಲ ಅಳೆಯುವ ಮಾನ) ಏರಿತು ಅಂತ ಇಟ್ಟುಕೊಳ್ಳೋಣ. ಬದಲಾದ ಫ್ಲಕ್ಸ್ 0.00005 ವೆಬರ್. ಇದಕ್ಕೆ 0.1 ಸೆಕೆಂಡ್ ಹಿಡಿದರೆ ಒಂದು ಸುತ್ತಿಗೆ ಸರಾಸರಿ 0.0005 ವೋಲ್ಟ್, 200 ಸುತ್ತಿಗೆ 0.1 ವೋಲ್ಟ್. ಎರಡು ಪಟ್ಟು ಬೇಗ ತಳ್ಳಿದರೆ 0.2 ವೋಲ್ಟ್. ನಿಧಾನಕ್ಕೆ ತಳ್ಳಿ ನೋಡಿ, ಮುಳ್ಳು ಸುಮ್ನೆ ಒಂಚೂರು ಮಿಸುಕಾಡುತ್ತದೆ ಅಷ್ಟೆ.

ಮುಳ್ಳು ಎರಡು ದಿಕ್ಕಿಗೆ ಹೋಗಿದ್ದು ಯಾಕೆ? 1834ರಲ್ಲಿ ಲೆನ್ಜ್ ಎಂಬ ವಿಜ್ಞಾನಿ ಕೊಟ್ಟ ಉತ್ತರ ಇದು: ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯಲು ನೋಡುತ್ತದೆ. ದಪ್ಪ ಗೋಡೆಯ ತಾಮ್ರದ ಕೊಳವೆ ಸಿಕ್ಕರೆ ನೆಟ್ಟಗೆ ಹಿಡಿದು, ಅದರೊಳಗೆ ನಿಯೋಡೈಮಿಯಮ್ ಎಂಬ ತುಂಬಾ ಬಲವಾದ ಅಯಸ್ಕಾಂತ ಬಿಡಿ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಅಲ್ವಾ? ಆದರೂ ಅದು ಜೇನಿನೊಳಗೆ ಇಳಿದ ಹಾಗೆ ಮೆಲ್ಲಗೆ ಇಳಿಯುತ್ತದೆ. ಅಷ್ಟೇ ಗಾತ್ರದ ಕಬ್ಬಿಣದ ತುಂಡು ಟಪ್ಪನೆ ಬಿದ್ದುಹೋಗುತ್ತದೆ. ಸುರುಳಿಯಲ್ಲೂ ಈ ತಡೆ ಇದೆ, ಕೈಗೆ ಗೊತ್ತಾಗದಷ್ಟು ಚಿಕ್ಕದು. ಅದರ ಎದುರು ನಿಮ್ಮ ಕೈ ಮಾಡಿದ ಕೆಲಸವೇ ಕರೆಂಟಾಗಿದೆ.

ಕೊನೆಗೆ ದಂಡಕಾಂತವನ್ನು ಪಕ್ಕಕ್ಕಿಡಿ. ಅದೇ ಕೊಳವೆಯ ಮೇಲೆ ಇನ್ನೊಂದು ತಂತಿಯಿಂದ ಎರಡನೇ ಸುರುಳಿ ಸುತ್ತಿ, ಒಳಗೆ ಕಬ್ಬಿಣದ ಬೋಲ್ಟ್ ತೂರಿಸಿ. ಮೊದಲ ಸುರುಳಿ ಮೀಟರಿಗೇ ಸೇರಿರಲಿ, ಎರಡನೇ ಸುರುಳಿಗೆ 1.5 ವೋಲ್ಟ್ ಸೆಲ್ ಮುಟ್ಟಿಸಿ. ಕರೆಂಟು ಹರಿದಾಗ ಈ ಸುರುಳಿಯೇ ಅಯಸ್ಕಾಂತವಾಗುತ್ತದೆ. ತುಂಬಾ ಹೊತ್ತು ಹಿಡಿಯಬೇಡಿ, ತಂತಿ ಬಿಸಿಯಾಗುತ್ತದೆ. 1831ರ ಆಗಸ್ಟ್ 29ರಂದು ವಿಜ್ಞಾನಿ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡಿದ್ದು ಈ ಮುಳ್ಳಿನ ಆಟವನ್ನೇ: ಸೆಲ್ ಮುಟ್ಟಿಸುವಾಗ ಮುಳ್ಳು ಒಂದು ಕಡೆ ಅಲುಗುತ್ತದೆ, ತೆಗೆಯುವಾಗ ಇನ್ನೊಂದು ಕಡೆ. ಮಧ್ಯದಲ್ಲಿ ಸೊನ್ನೆ.