ಯಾವ ಬಲ ಎಷ್ಟು ಜೋರು? ಚುರುಮುರಿಯಿಂದ ಶುರು ಮಾಡಿ

ಧಾರವಾಡದ ಸಪ್ತಾಪುರದಲ್ಲಿ ನಾನು ಪಿಯುಸಿ ಮಕ್ಕಳಿಗೆ ಫಿಜಿಕ್ಸ್ ಟ್ಯೂಷನ್ ಹೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟ. ವಿದ್ಯುತ್ ಬಲ ಗುರುತ್ವಕ್ಕಿಂತ ಎಷ್ಟು ಪಟ್ಟು ಜಾಸ್ತಿ? ಒಂದರಲ್ಲಿ 10³⁶, ಇನ್ನೊಂದರಲ್ಲಿ 10³⁹, ಮತ್ತೊಂದರಲ್ಲಿ 10⁴². "ಯಾವುದು ಖರೇರಿ ಮೇಡಂ?" ಅಂದ.

ಮೂರೂ ಖರೆ. ಎರಡು ಪ್ರೋಟಾನ್ ಇಟ್ಟುಕೊಂಡರೆ 36, ಒಂದು ಪ್ರೋಟಾನ್ ಒಂದು ಎಲೆಕ್ಟ್ರಾನ್ ಆದರೆ 39, ಎರಡೂ ಎಲೆಕ್ಟ್ರಾನ್ ಆದರೆ 42. ಇಬ್ಬರ ಚಾರ್ಜೂ ಒಂದೇ ಅಳತೆ. ಎಲೆಕ್ಟ್ರಾನಿನ ತೂಕ ಮಾತ್ರ 1836 ಪಟ್ಟು ಕಡಿಮೆ, ಹಾಗಾಗಿ ಗುರುತ್ವ ಅಷ್ಟು ಸೊರಗುತ್ತದೆ. ಆದ್ದರಿಂದ ಹೋಲಿಸುವ ಮುಂಚೆ ಹಾಳೆಯ ತುದಿಯಲ್ಲಿ ಬರೆದುಕೊಳ್ಳಿ: ಯಾವ ಕಣ, ಎಷ್ಟು ದೂರ.

ಲೆಕ್ಕಕ್ಕೆ ಮೊದಲು ಕಣ್ಣಾರೆ ನೋಡಿ. ಒಂದು ಪ್ಲಾಸ್ಟಿಕ್ ಹಣಿಗೆ, ಒಂದು ಹಿಡಿ ಗರಿಗರಿ ಚುರುಮುರಿ ಸಾಕು. ಒಣ ಕೂದಲನ್ನು ಇಪ್ಪತ್ತು ಸಲ ಜೋರಾಗಿ ಬಾಚಿ, ಹಣಿಗೆಯನ್ನು ಚುರುಮುರಿ ಹತ್ತಿರ ತನ್ನಿ. ಒಂದೆರಡು ಕಾಳು ಹೊರಳಿ, ಟಪ್ಪಂತ ಮೇಲೆದ್ದು ಅಂಟಿಕೊಳ್ಳುತ್ತವೆ. ಏಳದಿದ್ದರೆ ಕಾಗದದ ಚೂರು ಹಾಕಿ. ಕೆಳಗೆ ಎಳೆಯುತ್ತಿರುವುದು 6×10²⁴ ಕೆಜಿಯ ಇಡೀ ಭೂಮಿ, ಮೇಲಕ್ಕೆ ಎಳೆಯುತ್ತಿರುವುದು ಹತ್ತು ರೂಪಾಯಿ ಹಣಿಗೆ! ತಲೆಗೆ ಎಣ್ಣೆ ಹಚ್ಚಿದವರನ್ನು ಕರೆಯಬೇಡಿ, ಆಗುವುದಿಲ್ಲ. ಮಳೆಗಾಲದಲ್ಲೂ ಬೇಡ. ಜುಲೈನ ಜಿಟಿಜಿಟಿ ಮಳೆಯಲ್ಲಿ ಇಡೀ ಕ್ಲಾಸಿನ ಮುಂದೆ ಮಾಡಲು ಹೋಗಿ ಬಾಚಿದ್ದೇ ಬಂತು. ಹಸಿ ಗಾಳಿಯಲ್ಲಿ ಚಾರ್ಜ್ ಸೋರಿಹೋಗುತ್ತದೆ, ಚುರುಮುರಿಯೂ ಮೆತ್ತಗಾಗಿತ್ತು.

ಈಗ ಲೆಕ್ಕ, ಎರಡು ಪ್ರೋಟಾನ್‌ಗಳಿಗೆ. ಚಾರ್ಜ್ 1.6×10⁻¹⁹ ಕೂಲಂಬ್, ಅದರ ವರ್ಗವನ್ನು ವಿದ್ಯುತ್ ಬಲದ ಸೂತ್ರದ ಸ್ಥಿರಾಂಕ 9×10⁹ರಿಂದ ಗುಣಿಸಿ. 2.3×10⁻²⁸ ಬರುತ್ತದೆ. ತೂಕ 1.67×10⁻²⁷ ಕೆಜಿ, ಅದರ ವರ್ಗವನ್ನು ಗುರುತ್ವದ ಸ್ಥಿರಾಂಕ 6.67×10⁻¹¹ರಿಂದ ಗುಣಿಸಿ. 1.86×10⁻⁶⁴. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.24×10³⁶. ದೂರ ಎಲ್ಲಿ ಹೋಯಿತು ಅಂತೀರಾ? ಎರಡೂ ಸೂತ್ರದಲ್ಲಿ ಕೆಳಗೆ ದೂರದ ವರ್ಗ ಇದೆ, ಹೊಡೆದುಹೋಗುತ್ತದೆ.

ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು ಒಟ್ಟಿಗೆ ಹಿಡಿದಿಡುವ ಪ್ರಬಲ ನ್ಯೂಕ್ಲಿಯರ್ ಬಲಕ್ಕೆ ದೂರ ಹೊಡೆದುಹೋಗುವ ಈ ಸೌಲಭ್ಯ ಇಲ್ಲ. 10⁻¹⁵ ಮೀಟರ್ ದೂರದಲ್ಲಿ ಅದು ವಿದ್ಯುತ್ ಬಲದ ಸುಮಾರು 100 ಪಟ್ಟು. ಸ್ವಲ್ಪ ದೂರ ಸರಿದರೆ ಮುಗಿದೇ ಹೋಯಿತು. ಕೂದಲೆಳೆಯಷ್ಟು ದೂರದಲ್ಲಿ ಸ್ಪರ್ಧೆ ಇಟ್ಟರೆ ಬಡಪಾಯಿ ಗುರುತ್ವವೇ ಅದನ್ನು ಸೋಲಿಸುತ್ತದೆ.

ನಾಲ್ಕನೆಯದು ದುರ್ಬಲ ಬಲ, ಕೆಲವು ಕಣಗಳನ್ನು ಒಡೆದು ಬೇರೆ ಕಣಗಳಾಗಿಸುವುದು. ಅದರದ್ದು ತಳ್ಳಾಟ ಎಳೆದಾಟ ಅಲ್ಲ, ಅದನ್ನು ಗಡಿಯಾರದಿಂದ ಅಳೆಯಿರಿ. ಬಲ ಜೋರಾದಷ್ಟೂ ಕಣ ಬೇಗ ಒಡೆಯುತ್ತದೆ. ಪ್ರಬಲ ಬಲದಿಂದ ಒಡೆಯುವ ಡೆಲ್ಟಾ ಅನ್ನುವ ಕಣ ಬದುಕುವುದು 10⁻²³ ಸೆಕೆಂಡಿನ ಆಸುಪಾಸು. ವಿದ್ಯುತ್ಕಾಂತ ಬಲದಿಂದ ಒಡೆಯುವ, ಪಯಾನ್ ಅನ್ನುವ ಇನ್ನೊಂದು ಕಣದ ಚಾರ್ಜಿಲ್ಲದ ಬಗೆ ಸುಮಾರು 10⁻¹⁶ ಸೆಕೆಂಡ್. ದುರ್ಬಲ ಬಲದಿಂದ ಒಡೆಯುವ ಚಾರ್ಜಿರುವ ಪಯಾನ್ 2.6×10⁻⁸ ಸೆಕೆಂಡ್, ಅಂದರೆ ಎಷ್ಟೋ ಕೋಟಿ ಪಟ್ಟು ನಿಧಾನ. ಒಡೆದಾಗ ಎಷ್ಟು ಶಕ್ತಿ ಸಿಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಇದು ಅಂದಾಜು ಮಾತ್ರ.

"ಹಂಗಾದ್ರ ಬಿದ್ದಾಗ ಗುರುತ್ವನ ಯಾಕ್ರಿ ಜೋರ್ ಅನಸ್ತದ?" ಅಂತ ಅದೇ ಹುಡುಗ ಕೇಳಿದ. ಚಾರ್ಜಿನಲ್ಲಿ ಪ್ಲಸ್ ಮೈನಸ್ ಎರಡೂ ಇವೆ, ಒಂದನ್ನೊಂದು ಅಳಿಸುತ್ತವೆ. ತೂಕದಲ್ಲಿ ಮೈನಸ್ ಇಲ್ಲ, ಕೂಡುತ್ತಲೇ ಹೋಗುತ್ತದೆ. ಹಣಿಗೆಯಲ್ಲಿ ನಾವು ಕದಲಿಸಿದ್ದು ಆ ಸಮತೋಲದ ಎಳ್ಳಷ್ಟು ಪಾಲು.

ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ಬರೆಯುವಾಗ ಪ್ರಬಲ ಬಲಕ್ಕೆ 1, ವಿದ್ಯುತ್ಕಾಂತಕ್ಕೆ 10⁻², ಗುರುತ್ವಕ್ಕೆ 10⁻³⁹ ಹಾಕಿ. ದುರ್ಬಲ ಬಲಕ್ಕೆ ಪಿಯು ಮೊದಲ ವರ್ಷದ ಹಳೆಯ ಪಠ್ಯದಲ್ಲಿ 10⁻¹³ ಇತ್ತು, ಬೇರೆ ಪುಸ್ತಕಗಳಲ್ಲಿ 10⁻⁶ ಅಂತಲೂ ಕಾಣುತ್ತೀರಿ. ಅಳೆಯುವ ರೀತಿ ಬೇರೆ, ಅಷ್ಟೇ. ಒಂದೇ ಸಂಖ್ಯೆ ಬೇಕಿದ್ದರೆ ಸುಮ್ನೆ 10⁻¹³ ಬರೆಯಿರಿ.