ಗೇರ್‌ಬಾಕ್ಸ್ ಇಳಿಸುವ ಮುನ್ನ ಚಕ್ರ ತಿರುಗಿಸಿ ನೋಡಿ

ಟ್ರೇಲರ್ ಎಳೆಯುವ ಟ್ರಕ್‌ಗಳಲ್ಲಿ ಎರಡು ದೂರುಗಳು ಜೊತೆಜೊತೆಗೇ ಬರುತ್ತವೆ. ಏರಿನಲ್ಲಿ ಗೇರ್ ಜಾರುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಇವು ಎರಡು ಬೇರೆ ಬೇರೆ ಕಾಯಿಲೆ ಎಂದುಕೊಂಡು ಮೊದಲು ಗೇರ್‌ಬಾಕ್ಸ್‌ಗೆ ಕೈ ಹಾಕುವವರೇ ಹೆಚ್ಚು. ಆದರೆ ಎರಡಕ್ಕೂ ಮೂಲ ಬಹುತೇಕ ಒಂದೇ: ಅತಿಯಾದ ಬಿಸಿ. ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದ್ದರೆ ದಾರಿಯುದ್ದಕ್ಕೂ ಗೇರ್‌ಬಾಕ್ಸ್ ಆ ಹಿಡಿತವನ್ನೂ ಸೇರಿಸಿ ಎಳೆಯಬೇಕು. ಗೇರ್ ಜಾರುತ್ತಿದ್ದರೆ ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಸಿಗದೆ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಹಾಗಾಗಿ ಹುಡುಕಾಟ ಬ್ರೇಕ್‌ನಿಂದಲೇ ಶುರುವಾಗಲಿ. ಅಲ್ಲಿನ ಪರೀಕ್ಷೆಗೆ ಜಾಕ್, ಸ್ಪ್ಯಾನರ್ ಸಾಕು. ಗೇರ್‌ಬಾಕ್ಸ್ ಇಳಿಸಿದರೆ ದಿನಗಟ್ಟಲೆ ಕೆಲಸ.

ಹಂತ 1: ಬಿಸಿ ಎಲ್ಲಿದೆ ಎಂದು ಪತ್ತೆ ಮಾಡಿ

ಟ್ರೇಲರ್ ಕಳಚಿ, ಸಮತಟ್ಟಾದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ. ಬ್ರೇಕ್ ಆದಷ್ಟು ಕಡಿಮೆ ಬಳಸಿ. ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಹಬ್ ಬಳಿ ಅಂಗೈಯ ಹಿಂಬದಿ ಹಿಡಿಯಿರಿ, ಮುಟ್ಟಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಆಕ್ಸಲ್‌ನ ಎಡ ಮತ್ತು ಬಲ ಚಕ್ರಗಳು ಹೆಚ್ಚೂಕಮ್ಮಿ ಒಂದೇ ಬಿಸಿ ಇರಬೇಕು. ಒಂದು ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಚಕ್ರದ ಬ್ರೇಕ್ ಬಿಟ್ಟಿಲ್ಲ, ಇಲ್ಲವೇ ಬೇರಿಂಗ್ ಕೆಟ್ಟಿದೆ. ಡಿಸ್ಕ್ ಮೇಲೆ ನೀಲಿ ಛಾಯೆ ಕಂಡರೆ ಅದು ಹಿಂದೆಯೂ ಸುಟ್ಟಿದೆ ಎಂದರ್ಥ.

ಹಂತ 2: ಅಂಟಿಕೊಂಡ ಬ್ರೇಕ್‌ನ ಕಾರಣ ಹುಡುಕಿ

ಈ ಹಂತದಲ್ಲಿ ಆತುರ ಬೇಡ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಇಟ್ಟು, ಬಿಸಿಯಾಗುವ ಚಕ್ರವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ವಾಹನದ ಅಡಿಗೆ ಹೋಗಲೇಬೇಡಿ. ಗೇರ್ ನ್ಯೂಟ್ರಲ್‌ಗೆ ಹಾಕಿ. ಎತ್ತಿದ್ದು ಹಿಂದಿನ ಚಕ್ರವಾದರೆ ಹ್ಯಾಂಡ್ ಬ್ರೇಕ್ ಕೂಡ ಬಿಟ್ಟಿರಲಿ. ಬ್ರೇಕ್ ಒಮ್ಮೆ ಒತ್ತಿ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ.

ತಿರುಗಲು ಕಷ್ಟವಾದರೆ ಆ ಚಕ್ರದ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾಯಿತೇ? ಹಾಗಿದ್ದರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು. ಆಯಿಲ್ ಬಂದರೂ ಚಕ್ರ ಬಿಡದಿದ್ದರೆ ತೊಂದರೆ ಅಲ್ಲೇ ಇದೆ: ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ತುಕ್ಕು ಹಿಡಿದ ಪಿಸ್ಟನ್, ಅದು ಜಾರುವ, ಗ್ರೀಸ್ ಒಣಗಿದ ಸ್ಲೈಡ್ ಪಿನ್, ಡ್ರಮ್ ಬ್ರೇಕ್ ಆಗಿದ್ದರೆ ಸೋತ ಸ್ಪ್ರಿಂಗ್ ಅಥವಾ ಅಂಟಿಕೊಂಡ ಹ್ಯಾಂಡ್ ಬ್ರೇಕ್ ಕೇಬಲ್.

ಒತ್ತಡ ಸಿಕ್ಕಿಬಿದ್ದದ್ದು ಒಂದೇ ಚಕ್ರದಲ್ಲಾದರೆ ಮೊದಲ ಅನುಮಾನ ರಬ್ಬರ್ ಹೋಸ್ ಮೇಲೆ. ಹೊರಗೆ ಹೊಸದರಂತೆ ಕಂಡರೂ ಒಳಪದರ ಊದಿಕೊಂಡು ಆಯಿಲ್ ಹಿಂದಿರುಗಲು ಬಿಡುವುದಿಲ್ಲ. ಇದನ್ನು ಗಮನಿಸದೆ ಕ್ಯಾಲಿಪರ್ ಮೇಲೆ ಕ್ಯಾಲಿಪರ್ ಬದಲಿಸಿದರೆ ಹಣ ನೀರುಪಾಲು. ಎಲ್ಲ ಚಕ್ರಗಳೂ ಹಿಡಿದುಕೊಂಡಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಕಡೆ ನೋಡಿ. ಪೆಡಲ್‌ಗೆ ಆರಂಭದಲ್ಲಿ ಸ್ವಲ್ಪವಾದರೂ ಸಡಿಲ ಇರಲೇಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ರಂಧ್ರ ಮುಚ್ಚಿಯೇ ಇರುತ್ತದೆ.

ಹಂತ 3: ಬ್ರೇಕ್ ಆಯಿಲ್

ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮಾನದಂಡದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅದು 230 ಮತ್ತು 155. ಭಾರ ಎಳೆದುಕೊಂಡು ಉದ್ದದ ಇಳಿಜಾರು ಇಳಿಯುವಾಗ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ಏಕಾಏಕಿ ಒಳಕ್ಕೆ ಹೋಗುತ್ತದೆ. ಆಮೇಲೆ ತಣ್ಣಗಾದಾಗ ಎಲ್ಲ ಸರಿಯಾದಂತೆ ತೋರುತ್ತದೆ. ಅದನ್ನು ನಂಬಬೇಡಿ. ಎರಡು ವರ್ಷ ದಾಟಿದ ಆಯಿಲ್ ಪೂರ್ತಿ ತೆಗೆದು, ಸೀಲ್ ಒಡೆಯದ ಡಬ್ಬಿಯಿಂದ ಹೊಸದು ಹಾಕಿ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ಹೊರತೆಗೆಯಿರಿ. ಭಾರ ಎಳೆಯುವ ಗಾಡಿಗೆ ನಾನು ವರ್ಷಕ್ಕೊಮ್ಮೆ ಎನ್ನುತ್ತೇನೆ.

ಹಂತ 4: ಟ್ರೇಲರ್ ತನ್ನ ಪಾಲು ಹೊರುತ್ತಿದೆಯೇ?

ಟ್ರೇಲರ್‌ನ ಬ್ರೇಕ್ ಸತ್ತಿದ್ದರೆ ಟ್ರಕ್‌ಗೆ ಎಷ್ಟು ಹೊಸ ಪ್ಯಾಡ್ ಹಾಕಿದರೂ ಉಳಿಯುವುದಿಲ್ಲ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಖಾಲಿ ಜಾಗದಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಚಾಲಕನ ಬಳಿಯಿರುವ ಟ್ರೇಲರ್ ಬ್ರೇಕ್ ಕಂಟ್ರೋಲರ್‌ನ ಕೈ ಲಿವರ್ ಮಾತ್ರ ಒತ್ತಿ. ಟ್ರೇಲರ್ ಹಿಂದಕ್ಕೆ ಜಗ್ಗಿದ್ದು ಸ್ಪಷ್ಟವಾಗಿ ತಿಳಿಯಬೇಕು. ತಿಳಿಯದಿದ್ದರೆ ಪ್ಲಗ್‌ನ ಪಿನ್, ಅರ್ತ್ ವೈರ್, ಡ್ರಮ್ ಒಳಗಿನ ಮ್ಯಾಗ್ನೆಟ್ ಈ ಕ್ರಮದಲ್ಲಿ ನೋಡಿ. ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟಿರಲಿ ಎಂಬುದು ಸಾಮಾನ್ಯ ಲೆಕ್ಕ. ನಿಮ್ಮ ವಾಹನದ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಹಿಂಬದಿ ಅತಿಯಾಗಿ ತಗ್ಗಿದರೆ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ, ಸ್ಟೀರಿಂಗೂ ಹಗುರವಾಗುತ್ತದೆ.

ಹಂತ 5: ಈಗ ಗೇರ್‌ಬಾಕ್ಸ್

ಮ್ಯಾನುವಲ್ ಆದರೆ ಜಾರುವುದು ಸಾಮಾನ್ಯವಾಗಿ ಕ್ಲಚ್. ಏರಿನಲ್ಲಿ ಮೇಲಿನ ಗೇರ್‌ನಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಅದಕ್ಕೂ ಮುನ್ನ ಕ್ಲಚ್ ಪೆಡಲ್‌ನ ಸಡಿಲ ನೋಡಿ.

ಆಟೊಮ್ಯಾಟಿಕ್ ಆದರೆ ಆಯಿಲ್‌ನಿಂದಲೇ ಅರ್ಧ ಕಥೆ ತಿಳಿಯುತ್ತದೆ. ಹೆಚ್ಚಿನ ವಾಹನಗಳಲ್ಲಿ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ, ಸಮನೆಲದಲ್ಲಿ ಮಟ್ಟ ಅಳೆಯಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಮಾದರಿಗಳೂ ಇವೆ, ಅವಕ್ಕೆ ಕೈಪಿಡಿಯ ವಿಧಾನ. ಸಾಮಾನ್ಯವಾಗಿ ಕೆಂಪಗಿರುವ ಆಯಿಲ್ ಕಂದಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಬೆಂದಿವೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ಕೂಲಂಟ್ ಸೇರಿದೆ; ಗಾಡಿಯನ್ನು ಅಲ್ಲೇ ನಿಲ್ಲಿಸಿ. ಗೇರ್‌ಬಾಕ್ಸ್ ತಳದ ಪ್ಯಾನ್ ಬಿಚ್ಚಿದಾಗ ಅದರೊಳಗಿನ ಆಯಸ್ಕಾಂತದ ಮೇಲೆ ನುಣ್ಣನೆಯ ಬೂದು ಲೇಪ ಇರುವುದು ಸಹಜ. ಲೋಹದ ಚೂರುಗಳಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು.

ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್‌ನ ಜಾಲರಿಯಲ್ಲಿ ಧೂಳು, ಹುಳು ತುಂಬಿದ್ದರೆ ತೆಗೆಯಿರಿ. ಸದಾ ಭಾರ ಎಳೆಯುವ ಗಾಡಿಗೆ ಹೆಚ್ಚುವರಿ ಕೂಲರ್ ಹಾಕಿಸುವುದು ನನ್ನ ಮಟ್ಟಿಗೆ ಐಷಾರಾಮವಲ್ಲ, ಅಗತ್ಯ. ಭಾರ ಎಳೆಯುವಾಗ ಒತ್ತುವ ಟೋ ಮೋಡ್ ಗುಂಡಿ ಇದ್ದರೆ ಬಳಸಿ. ಇಲ್ಲದಿದ್ದರೆ ಭಾರವಿದ್ದಾಗ ಓವರ್‌ಡ್ರೈವ್ (ಅತಿ ಮೇಲಿನ ಗೇರ್) ಬಂದ್ ಮಾಡಿ, ಗೇರ್ ಪದೇ ಪದೇ ಏರಿಳಿಯುವುದು ತಪ್ಪುತ್ತದೆ.

ಹಂತ 6: ಮತ್ತೆ ರಸ್ತೆಗೆ

ಮೊದಲು ಟ್ರೇಲರ್ ಇಲ್ಲದೆ, ನಂತರ ಅರ್ಧ ಭಾರದಲ್ಲಿ ಓಡಿಸಿ, ಪ್ರತಿ ಸಲವೂ ಚಕ್ರಗಳ ಬಿಸಿ ಹೋಲಿಸಿ. ಇಳಿಜಾರು ಶುರುವಾಗುವ ಮುನ್ನವೇ ಕೆಳ ಗೇರ್‌ಗೆ ಬನ್ನಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ವೇಗ ತಗ್ಗಿದ ಮೇಲೆ ಪೂರ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಹಿಡಿದರೆ ಬ್ರೇಕ್ ತಣಿಯಲು ಸಮಯವೇ ಸಿಗದು. ಚಕ್ರ ಬಿಚ್ಚಿದ್ದರೆ ಮೊದಲ 50ರಿಂದ 100 ಕಿಲೋಮೀಟರ್ ಒಳಗೆ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿ ನೋಡಿ.